ಬಾಗದಿದ್ದರೆ ಸಾಕೇ?

ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆ ತೆರೆದದ್ದು 2016ರ ಅಕ್ಟೋಬರ್‌ನಲ್ಲಿ, ಮುಚ್ಚಿದ್ದು 2019ರ ಮೇ ತಿಂಗಳಲ್ಲಿ. ಗರ್ಡರುಗಳಲ್ಲಿ ಬಿರುಕು ಬಿಟ್ಟಿತ್ತು. ಮದ್ರಾಸ್ ಐಐಟಿ ಪರಿಶೀಲಿಸಿತು, ಇ. ಶ್ರೀಧರನ್ ಗರ್ಡರುಗಳನ್ನೇ ಬದಲಿಸಬೇಕೆಂದರು. ಮೊದಲು ಲೋಡ್ ಟೆಸ್ಟ್ ಆಗಲಿ ಎಂದು ಕೇರಳ ಹೈಕೋರ್ಟ್ ಹೇಳಿತು. ಅದಿಲ್ಲದೆಯೇ ಕೆಲಸ ಶುರುಮಾಡಲು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. 2021ರ ಮಾರ್ಚ್‌ನಲ್ಲಿ ಸೇತುವೆ ಮತ್ತೆ ತೆರೆಯಿತು.

ಲೋಡ್ ಟೆಸ್ಟ್‌ನಲ್ಲಿ ಭಾರ ಹೇರಿ, ಗರ್ಡರ್ ಎಷ್ಟು ತಗ್ಗಿತು, ಭಾರ ಇಳಿಸಿದಾಗ ಎಷ್ಟು ಮರಳಿತು ಎಂದು ಅಳೆಯುತ್ತಾರೆ. ಒಳ್ಳೆಯ ಪರೀಕ್ಷೆಯೇ. ಆದರೆ ಇಂದು ಇಷ್ಟು ಬಾಗಿದ ಗರ್ಡರಿನ ಬಿರುಕಿಗೆ ಮುಂದಿನ ಮೂವತ್ತು ಮಳೆಗಾಲ ನೀರಿಳಿದು ಕಂಬಿ ತುಕ್ಕು ಹಿಡಿದರೆ ಏನಾಗುತ್ತದೆಂದು ಅದು ಹೇಳುವುದಿಲ್ಲ.

ಇದೇ ಗೊಂದಲ ಈಗ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಟೊಪಾಲಜಿ ಆಪ್ಟಿಮೈಸೇಶನ್ ಎಂಬ ವೇಷದಲ್ಲಿ ಬಂದಿದೆ. ಒಂದು ಚೌಕಟ್ಟು, ಒಂದು ಭಾರ, ಇಷ್ಟೇ ಸಾಮಗ್ರಿ ಎಂಬ ಮಿತಿ ಕೊಟ್ಟರೆ ಸಾಮಗ್ರಿ ಎಲ್ಲಿರಬೇಕು, ಎಲ್ಲಿರಬಾರದು ಎಂದು ಕಂಪ್ಯೂಟರ್ ಬಿಡಿಸಿ ತೋರಿಸುತ್ತದೆ. ಬೆಂಡ್ಸೋ ಮತ್ತು ಕಿಕುಚಿ 1988ರಲ್ಲಿ ಹಾಕಿದ ದಾರಿ. ಓಲೆ ಸಿಗ್ಮಂಡ್ 2001ರಲ್ಲಿ ಅದನ್ನು 99 ಸಾಲಿನ ಪ್ರೋಗ್ರಾಮಿಗೆ ಇಳಿಸಿದರು. ಅಲ್ಲಿ ತಗ್ಗಿಸುವುದು ಕಂಪ್ಲಯನ್ಸ್ ಅನ್ನು: ಭಾರವನ್ನು, ಭಾರ ಬಿದ್ದಲ್ಲಿ ಆದ ಸರಿತದಿಂದ ಗುಣಿಸಿದ ಮೊತ್ತ. ಅದು ಕಡಿಮೆಯಾದಷ್ಟೂ ಸ್ಟಿಫ್‌ನೆಸ್ ಹೆಚ್ಚು. ಇಲ್ಲಿಯವರೆಗೆ ತಕರಾರಿಲ್ಲ. ವರದಿಯ ಕೊನೆಗೆ "ಅತ್ಯಂತ ಬಲವಾದ ವಿನ್ಯಾಸ" ಎಂದು ಬರೆಯುತ್ತಾರಲ್ಲ, ಅದು ಸುಳ್ಳು.

ಅನುಮಾನವಿದ್ದವರು ಅದೇ ಪ್ರೋಗ್ರಾಮಿನಲ್ಲಿ ಭಾರವನ್ನು ಹತ್ತು ಪಟ್ಟು ಮಾಡಲಿ. ಕಂಪ್ಲಯನ್ಸ್ ನೂರು ಪಟ್ಟಾಗುತ್ತದೆ, ಆಕೃತಿ ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಯಾವ ಭಾರಕ್ಕೆ ಮುರಿಯುತ್ತದೆ ಎಂಬುದೇ ಗೊತ್ತಿಲ್ಲದ ಲೆಕ್ಕ ಬಲದ ಮಾತನ್ನು ಆಡುವುದು ಹೇಗೆ? ಸೀಮೆಸುಣ್ಣ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ; ಬೆತ್ತ ಬಾಗಿಯೂ ಉಳಿಯುತ್ತದೆ.

ಉತ್ತರವನ್ನು ನಿಜವಾಗಿ ಬರೆಯುವುದು ನಿರ್ಬಂಧಗಳು. ಸಾಮಗ್ರಿಯ ಮಿತಿ ತೆಗೆದರೆ ಪ್ರೋಗ್ರಾಮ್ ಚೌಕಟ್ಟನ್ನೆಲ್ಲ ತುಂಬಿಬಿಡುತ್ತದೆ, ಅಷ್ಟೇ ಅದರ ಜಾಣತನ. ಆ ಮಿತಿ ಅರ್ಧವೇ ಏಕೆ ಎಂದು ಕೇಳಿದರೆ, ಉದಾಹರಣೆಯಲ್ಲಿ ಹಾಗಿತ್ತು ಎನ್ನುವುದು ಉತ್ತರವಲ್ಲ. ತೆಳ್ಳನೆಯ ಕಡ್ಡಿ ಒತ್ತಡಕ್ಕೆ ಸೊಟ್ಟಗಾದೀತೇ, ಲಾರಿಗಳು ಲಕ್ಷಾಂತರ ಸಲ ಓಡಾಡಿ ಲೋಹ ದಣಿದೀತೇ, ಭಾರ ಬೇರೆ ಕಡೆ ಬಿದ್ದರೇನು, ಅಚ್ಚಿನಲ್ಲಿ ಎರಕ ಹೊಯ್ಯಲಾದೀತೇ: ಇವನ್ನು ಬರೆದು ಕೊಡದಿದ್ದರೆ ಕಂಪ್ಯೂಟರಿಗೆ ಇವು ಇಲ್ಲವೇ ಇಲ್ಲ. ಒತ್ತಡದ ಮಿತಿ ಸೇರಿಸಿದರೆ ಲೆಕ್ಕ ತುಂಬ ಕಷ್ಟವಾಗುತ್ತದೆ, ನಿಜ. ಕಷ್ಟವೆಂದು ಬಿಟ್ಟದ್ದನ್ನು ಬಿಟ್ಟಿದ್ದೇವೆ ಎಂದು ಬರೆಯಲು ಮಾತ್ರ ಏನೂ ಖರ್ಚಿಲ್ಲ.

ಬಾಗುವುದೇ ದೋಷವೆಂಬ ನಂಬಿಕೆಯೂ ಹೋಗಬೇಕು. ಬೆಂಗಳೂರಿನ ಐಐಎಸ್ಸಿಯಲ್ಲಿ ಜಿ. ಕೆ. ಅನಂತಸುರೇಶ್ ಅವರು ವರ್ಷಗಳಿಂದ ಕೆಲಸ ಮಾಡುತ್ತಿರುವ ಕಂಪ್ಲಯಂಟ್ ಯಂತ್ರಗಳಲ್ಲಿ ಕೀಲಿಲ್ಲ, ತಿರುಪಿಲ್ಲ. ಒಂದೇ ತುಂಡು ಬೇಕಾದಲ್ಲಿ ಬಾಗಿ ಚಲನೆ ಕೊಡುತ್ತದೆ. ಅದೇ ಗಣಿತ, ಕೇಳಿದ ಪ್ರಶ್ನೆ ಬೇರೆ. ಪ್ರಾಜೆಕ್ಟ್ ವೈವಾದಲ್ಲಿ ಪರೀಕ್ಷಕರು ಬಣ್ಣದ ಚಿತ್ರ ಪಕ್ಕಕ್ಕಿಟ್ಟು, ಪ್ರಶ್ನೆ ಏನಿತ್ತು, ಯಾವ ನಿರ್ಬಂಧ ಬಿಟ್ಟಿರಿ ಎಂದು ಮೊದಲು ಕೇಳಲಿ.