ಕಡತದಲ್ಲಿ ಕಾಣೆಯಾದ ದೇವಯ್ಯ

ಹಿಂದಿಯ 'ಸ್ಕೈ ಫೋರ್ಸ್' ಸಿನಿಮಾ 2025ರ ಜನವರಿಯಲ್ಲಿ ತೆರೆಗೆ ಬಂದಾಗ ಕೊಡಗಿನವರಿಗೆ ಸಿಟ್ಟು ಬಂತು. ಕಥೆ ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದು. ತೆರೆಯ ಮೇಲಿನ ಹೆಸರು ಟಿ.ಕೆ. ವಿಜಯ. ಸಾಹಸ ಇಟ್ಟುಕೊಂಡು ಹೆಸರು ಕಿತ್ತುಹಾಕಿದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ನನಗೂ ಉರಿಯಿತು. ಆದರೆ ನಮ್ಮ ಸಿಟ್ಟಿನ ವಿಳಾಸ ತಪ್ಪಿದೆ. ಸಿನಿಮಾದವರು ದೇವಯ್ಯನವರ ಹೆಸರನ್ನು ಎರಡು ಗಂಟೆ ಮರೆಸಿದರು. ಸರಕಾರದ ಕಡತ ಅವರ ಸಾಹಸವನ್ನೇ 23 ವರ್ಷ ಮರೆಸಿತ್ತು.

1965ರ ಸೆಪ್ಟೆಂಬರ್ 7ರ ನಸುಕು. ಪಂಜಾಬಿನ ಆದಂಪುರದಿಂದ 'ಟೈಗರ್ಸ್' ಎಂದೇ ಹೆಸರಾದ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳತ್ವದಲ್ಲಿ ಪಾಕಿಸ್ತಾನದ ಸರ್ಗೋಧಾ ನೆಲೆಯತ್ತ ಹೊರಟವು. ದೇವಯ್ಯ ಬದಲಿ ಪೈಲಟ್. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಿದ್ದವರು. ಹೋದರು. ದಾರಿಯಲ್ಲಿ ಅವರಿಗೆ ಎದುರಾದದ್ದು ಅಮೆರಿಕ ಕೊಟ್ಟ ಎಫ್-104 ಸ್ಟಾರ್‌ಫೈಟರ್, ಶಬ್ದದ ಇಮ್ಮಡಿ ವೇಗದ್ದು. ಮಿಸ್ಟೇರ್ ಶಬ್ದದ ವೇಗ ದಾಟಬೇಕಾದರೆ ಮೂಗು ತಗ್ಗಿಸಿ ಕೆಳಗೆ ಧುಮುಕಬೇಕು. ಮೊದಲು ಪೆಟ್ಟು ತಿಂದದ್ದೂ ಮಿಸ್ಟೇರೇ. ಆ ಗಾಯಗೊಂಡ ವಿಮಾನದಲ್ಲೇ ದೇವಯ್ಯ ತಿರುಗಿಬಿದ್ದು ಸ್ಟಾರ್‌ಫೈಟರನ್ನು ಹೊಡೆದು ಉರುಳಿಸಿದರು. ಪಾಕ್ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಜಿಗಿದು ಬದುಕಿಕೊಂಡ. ದೇವಯ್ಯ ಬದುಕಲಿಲ್ಲ. ಅಲ್ಲಿನ ಹಳ್ಳಿಯವರೇ ಅವರ ದೇಹವನ್ನು ಮಣ್ಣು ಮಾಡಿದರು.

ನಮ್ಮ ಕಡತದಲ್ಲಿ ಒಂದೇ ಪದ: ಕಾಣೆ.

ಮುಂದಿನದು ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ ಕೃಪೆ. ಪಾಕ್ ವಾಯುಪಡೆಯ ನೆರವಿನಿಂದ ಅವರು ಬರೆದ ಪುಸ್ತಕ 1979ರಲ್ಲಿ ಬಂತು. ಒಂದು ಸ್ಟಾರ್‌ಫೈಟರ್ ಮಿಸ್ಟೇರಿನ ಜೊತೆಗಿನ ಕಾಳಗದಲ್ಲಿ ಬಿತ್ತು ಎಂಬುದು ಅದರಲ್ಲಿತ್ತು. ಆ ಮಿಸ್ಟೇರ್ ಯಾರದೆಂದು ತಾಳೆ ಹಾಕಿ, ತನೇಜಾ ಬೆನ್ನುಹತ್ತಿ, ಕೊನೆಗೆ 1988ರಲ್ಲಿ ದೇವಯ್ಯನವರ ಪತ್ನಿ ಸುಂದರಿ ದೇವಯ್ಯ ಅವರ ಕೈಗೆ ಮಹಾವೀರ ಚಕ್ರ ಬಂತು. ನಮ್ಮ ಮನೆಯ ಹುಡುಗ ಏನು ಮಾಡಿದ ಎಂಬುದು ನಮಗೆ ಗೊತ್ತಾದದ್ದು ಎದುರಾಳಿಯ ಮನೆಯ ಪುಸ್ತಕದಿಂದ! ಇನ್ನೊಂದು ಸೋಜಿಗ ಕೇಳಿ. ಅದೇ ಅಮ್ಜದ್ ಹುಸೇನ್ 1971ರ ಡಿಸೆಂಬರಿನಲ್ಲಿ ಅಮೃತಸರದ ಮೇಲೆ ಮತ್ತೆ ಬಿದ್ದು ನಮ್ಮಲ್ಲೇ ಯುದ್ಧಕೈದಿಯಾಗಿದ್ದ. ಉತ್ತರ ನಮ್ಮ ಶಿಬಿರದಲ್ಲೇ ಕೂತು ರೊಟ್ಟಿ ತಿನ್ನುತ್ತಿತ್ತು. ಪದಕ ಬಂದದ್ದು ಅದಾದ 17 ವರ್ಷಕ್ಕೆ.

ಗುಟ್ಟು ಬಿಟ್ಟುಕೊಟ್ಟರೆ ಶತ್ರುವಿಗೆ ಅನುಕೂಲ ಎಂದು ದೆಹಲಿಯ ಕಚೇರಿಗಳಲ್ಲಿ ಒಂದು ಮಾತಿದೆ. ಯಾವ ಗುಟ್ಟು? ಶತ್ರುವಿಗೆ ಎಲ್ಲ ಗೊತ್ತಿತ್ತು, ಬಿದ್ದ ವಿಮಾನ ಅವನದೇ. ಗೊತ್ತಿಲ್ಲದೆ ಉಳಿದವರು ಸುಂದರಿ ದೇವಯ್ಯ. 1965ರ ಯುದ್ಧದ ಅಧಿಕೃತ ಇತಿಹಾಸವನ್ನು ರಕ್ಷಣಾ ಸಚಿವಾಲಯ 1992ರಲ್ಲೇ ಬರೆಸಿತ್ತು. ಪತ್ರಿಕೆಯೊಂದು ಅದನ್ನು ಅಂತರ್ಜಾಲಕ್ಕೆ ಹಾಕುವ ತನಕ ಅದು ಬೀರುವಿನೊಳಗೇ ಇತ್ತು. 1962ರ ಸೋಲಿನ ಹೆಂಡರ್ಸನ್ ಬ್ರೂಕ್ಸ್ ವರದಿ 1963ರದು. ಸರಕಾರ ಅದನ್ನು ಇಂದಿಗೂ ಹೊರಗೆ ಬಿಟ್ಟಿಲ್ಲ.

ಸೋಲನ್ನು ಒಪ್ಪಿಕೊಂಡಲ್ಲಿ ನಾವು ಕಲಿತದ್ದೂ ಉಂಟು. ದೇವಯ್ಯ ಹೊರಡುವ ಹಿಂದಿನ ಸಂಜೆ, ಸೆಪ್ಟೆಂಬರ್ 6ರಂದು, ಪಠಾಣ್‌ಕೋಟಿನಲ್ಲಿ ಬಯಲಿಗೆ ನಿಲ್ಲಿಸಿದ್ದ ಹತ್ತರಷ್ಟು ವಿಮಾನಗಳನ್ನು ಪಾಕ್ ವಾಯುಪಡೆ ನಿಂತಲ್ಲೇ ಸುಟ್ಟಿತು. ಎರಡು ಹೊಸ ಮಿಗ್-21 ಸಹ ಹೋದವು. ಆ ನಾಚಿಕೆಯನ್ನು ಮುಚ್ಚಿಡಲು ಆಗಲಿಲ್ಲ, ಹೊಗೆ ಊರಿಗೇ ಕಂಡಿತ್ತು. ಆಮೇಲೆ ನೆಲೆನೆಲೆಗಳಲ್ಲಿ ಕಾಂಕ್ರೀಟಿನ ವಿಮಾನ ಗೂಡುಗಳೆದ್ದವು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಅದೇ ಆಟ ಮತ್ತೆ ಆಡಲು ಬಂದಾಗ ಬಾಂಬುಗಳು ರನ್‌ವೇಯಲ್ಲಿ ಗುಂಡಿ ತೋಡಿದವು, ಅಷ್ಟೇ.

ಇದೆಲ್ಲ ಹಳೆಯ ಕಥೆ ಎನ್ನಬೇಡಿ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ವಿಮಾನ ಕಳೆದುಕೊಂಡದ್ದು ನಿಜ ಎಂದು ಮೂರೂ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ಸಿಂಗಪುರದಲ್ಲಿ ಹೇಳಿದರು. ಎಷ್ಟು ಎಂದು ಹೇಳಲಿಲ್ಲ. ಪಾಕಿಸ್ತಾನದ ಐದು ಯುದ್ಧವಿಮಾನ, ಒಂದು ದೊಡ್ಡ ವಿಮಾನ ಬಿದ್ದವೆಂದು ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಲೆಕ್ಕ ಕೊಟ್ಟರು. ಅವರದ್ದರ ಲೆಕ್ಕ ಬಾಯಿಪಾಠ, ನಮ್ಮದ್ದರ ಲೆಕ್ಕ ಮೌನ. ಪಾಕಿಸ್ತಾನದ್ದೂ ಇದೇ ಚಾಳಿ ಎಂಬುದು ಸಮಾಧಾನದ ಮಾತಲ್ಲ. ಮಿಗ್-21 ನಿವೃತ್ತಿಯಾದ ಮೇಲೆ ನಮ್ಮಲ್ಲಿ ಉಳಿದದ್ದು 29 ಸ್ಕ್ವಾಡ್ರನ್, ಮಂಜೂರಾದದ್ದು 42. ಕೈ ಇಷ್ಟು ಗಿಡ್ಡವಾಗಿರುವಾಗ ಒಂದೇ ತಪ್ಪನ್ನು ಎರಡು ಸಲ ಮಾಡುವ ಶೋಕಿ ನಮಗೆ ಬೇಡ.

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯವೇ ಒಂದು ನೀತಿ ಹೊರಡಿಸಿತು. ಕಾರ್ಯಾಚರಣೆ ಮುಗಿದ ಐದು ವರ್ಷದೊಳಗೆ ಅದರ ಇತಿಹಾಸ ಸಿದ್ಧವಾಗಬೇಕು. ದಾಖಲೆಗಳು ಸಾಮಾನ್ಯವಾಗಿ 25 ವರ್ಷಕ್ಕೆ ಬಯಲಾಗಬೇಕು. ಹಾಗಾದರೆ ಸಿಂಧೂರದ ಇತಿಹಾಸ 2030ಕ್ಕೆ ತಯಾರಿರಬೇಕು. ಕೊಡಗಿನ ಸಂಘಸಂಸ್ಥೆಗಳು ಮನವಿ ಕೊಡುವುದಾದರೆ ಈ ನೀತಿಯನ್ನು ಹಿಡಿದು ಕೊಡಲಿ.

ನಮ್ಮದೂ ತಪ್ಪಿದೆ. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ, ಸೆಪ್ಟೆಂಬರ್ 7ಕ್ಕೆ ಹಾರವೂ ಬೀಳುತ್ತದೆ. ಅದೇ 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಸೆರೆಯಾದಾಗ, ಮಗನಿಗೆ ವಿಶೇಷ ರಿಯಾಯಿತಿ ಬೇಡ ಎಂದು ತಂದೆ ಪಾಕ್ ಅಧ್ಯಕ್ಷ ಅಯೂಬ್ ಖಾನ್‌ಗೆ ಕೊಟ್ಟ ಉತ್ತರ ಇಲ್ಲಿನ ಮಕ್ಕಳಿಗೂ ಗೊತ್ತು. ನಂದಾ ಅವರ ಹಂಟರ್ ಬಿದ್ದದ್ದು ಸೆಪ್ಟೆಂಬರ್ 22ರಂದು, ಕದನ ವಿರಾಮಕ್ಕೆ ಗಂಟೆಗಳಷ್ಟೇ ಬಾಕಿ ಇದ್ದಾಗ. ಆ ಹೊತ್ತಿನಲ್ಲಿ ಆ ಹಾರಾಟ ಬೇಕಿತ್ತೇ ಎಂದು ಕೇಳಿದವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಈಚಿನ ಕೈಲ್ ಮುಹೂರ್ತದ, ಅಂದರೆ ನಮ್ಮ ಆಯುಧಪೂಜೆಯ ದಿನ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದೆದುರು ಕೋವಿಗಳನ್ನಿಟ್ಟು, ತೋಕ್ ಪೂ ಸಿಕ್ಕಿಸುತ್ತಿದ್ದೆವು. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಬಲ್ಯಪ್ಪ (ದೊಡ್ಡಪ್ಪ) ಪಕ್ಕದಲ್ಲಿದ್ದರು. ಸಿನಿಮಾದ ಮಾತು ಬಂತು. "ಫಾರ್ಮ್ 700 ಅಂತ ಒಂದು ಪುಸ್ತಕ ಇರ್ತದೆ ಮಗಾ," ಎಂದರು. "ವಿಮಾನ ಸರಿ ಇದೆ ಅಂತ ನಾವು ಸಹಿ ಹಾಕ್ಬೇಕು, ಆಮೇಲೆ ಪೈಲಟ್ ಸಹಿ ಹಾಕಿ ಹತ್ತಬೇಕು. ಪುಸ್ತಕ ನೆಲದಲ್ಲೇ ಉಳೀತದೆ. ವಿಮಾನ ವಾಪಸ್ ಬರ್ಲಿಲ್ಲ ಅಂದ್ರೆ ಮೊದಲು ಬಂದು ಕೇಳೋದು ಆ ಪುಸ್ತಕವನ್ನೇ."

ಯಾರು ಕೊಂಡುಹೋಗ್ತಾರೆ ಬಲ್ಯಪ್ಪಾ, ಎಂದೆ.

"ಕೊಂಡುಹೋಗಿ ಬೀಗ ಹಾಕ್ತಾರೆ," ಎಂದು ಅವರು ಕೋವಿಯ ನಳಿಗೆ ಒರೆಸತೊಡಗಿದರು.