ಸೇತುವೆಗಳ ಅಡಿಯನ್ನೊಮ್ಮೆ ನೋಡಿಸಿ

ಮಾನ್ಯ ಲೋಕೋಪಯೋಗಿ ಸಚಿವರೆ,

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿ ಬಂದದ್ದು ದೊಡ್ಡ ಪುಣ್ಯ. ಆ ಕುಸಿತದ ಕಾರಣ ಹೇಳಬೇಕಾದವರು ತಜ್ಞರು. ನಾನು ಬರೆಯುತ್ತಿರುವುದು ಇನ್ನೂ ನಿಂತಿರುವ ಸೇತುವೆಗಳ ಬಗ್ಗೆ. ರಾಷ್ಟ್ರೀಯ ಹೆದ್ದಾರಿಯವು ಕೇಂದ್ರದ ಕೈಯಲ್ಲಿವೆ, ನಿಜ. ಅಳಿವೆಗಳ ಒಳರಸ್ತೆಯಲ್ಲಿ, ಕುದ್ರುಗಳಿಗೆ, ಅಂದರೆ ನದಿಯ ನಡುಗಡ್ಡೆಗಳಿಗೆ, ಹೋಗುವ ದಾರಿಯಲ್ಲಿ ಇರುವ ಸಣ್ಣ ಸೇತುವೆಗಳಿಗೆ ರಾಜ್ಯವೇ ದಿಕ್ಕು.

ಕಬ್ಬಿಣಕ್ಕೆ ಮಳೆಯೇ ಶತ್ರು ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯೆದುರಿನ ಕಬ್ಬಿಣದ ಕಂಬ ಘಟ್ಟದ ಜಡಿಮಳೆಯಲ್ಲಿ ತಲೆಮಾರುಗಳಿಂದ ನೆನೆಯುತ್ತಲೇ ನಿಂತಿದೆ. ಕಡಲಂಚಿನಲ್ಲಿ ಕಬ್ಬಿಣವನ್ನು ತಿನ್ನುವುದು ಮುಖ್ಯವಾಗಿ ಉಪ್ಪು. ಅಲೆ ಒಡೆದಾಗ ಏಳುವ ಹನಿಗಳನ್ನು ಗಾಳಿ ಹೊತ್ತು ತರುತ್ತದೆ. ಲೋಹದ ಮೇಲೆ ಕೂತ ಉಪ್ಪು ಗಾಳಿಯ ತೇವ ಹೀರಿ, ಮಳೆಯಿಲ್ಲದ ದಿನಗಳಲ್ಲೂ ಅದರ ಮೈಯ ಪಸೆ ಆರಗೊಡುವುದಿಲ್ಲ. ಮಳೆ ಬಂದರೆ ಮೇಲ್ಮೈಯಾದರೂ ತೊಳೆದುಹೋಗುತ್ತದೆ. ಹನಿ ತಲುಪದ ಅಡಿಭಾಗದಲ್ಲಿ ಕೂತದ್ದು ಕೂತೇ ಇರುತ್ತದೆ. ಅಳಿವೆಯ ಹಳೆಯ ಸೇತುವೆಯೊಂದರ ರೇಲಿಂಗ್ ಮೇಲೆ ಕೈ ಸವರಿ ನೋಡಿ. ಮೇಲೆ ಬಣ್ಣ ನುಣುಪಾಗಿರುತ್ತದೆ, ಅಡಿಯಲ್ಲಿ ತುಕ್ಕು ಚಕ್ಕೆಚಕ್ಕೆಯಾಗಿ ಬೆರಳಿಗೆ ಬರುತ್ತದೆ.

ಕಾಂಕ್ರೀಟಿನೊಳಗಿನ ಸರಳಿಗೆ ಬರುವ ಕುತ್ತು ಬೇಗ ಕಣ್ಣಿಗೆ ಬೀಳುವುದಿಲ್ಲ. ಸಿಮೆಂಟಿನ ಕ್ಷಾರಗುಣದಿಂದ ಸರಳಿನ ಮೇಲೆ ತೆಳುವಾದ ಪೊರೆ ಕಟ್ಟಿರುತ್ತದೆ. ಉಪ್ಪಿನ ಕ್ಲೋರೈಡ್ ಸಣ್ಣ ರಂಧ್ರಗಳಲ್ಲಿ ಇಳಿದಿಳಿದು ಆ ಪೊರೆಯನ್ನು ಹರಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಹಾಗಾಗಿ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಉಬ್ಬರವಿಳಿತಕ್ಕೆ ಸಿಕ್ಕಿ ನೆನೆದು ಒಣಗುವ ಕಂಬದ ಭಾಗಕ್ಕಂತೂ ಉಪ್ಪೂ ಸಿಗುತ್ತದೆ, ಆಮ್ಲಜನಕವೂ ಸಿಗುತ್ತದೆ. ಸೇತುವೆಗಳ ಸಂಹಿತೆಯಾದ ಐಆರ್‌ಸಿ 112 ಸಾಧಾರಣ ಪರಿಸರದಲ್ಲಿ ಸರಳಿಗೆ 40 ಮಿ.ಮೀ. ಕಾಂಕ್ರೀಟ್ ಹೊದಿಕೆ ಕೇಳಿದರೆ, ಉಬ್ಬರವಿಳಿತದ ವಲಯದಲ್ಲಿ 75 ಮಿ.ಮೀ. ಕೇಳುತ್ತದೆ. ನಿಯಮ ಇದೆ. ಸ್ಥಳದಲ್ಲಿ ಹೊದಿಕೆ ಎಷ್ಟಿದೆ ಎಂದು ಅಳೆಯುವವರು ಬೇಕು.

ರಸ್ತೆಯ ಮೇಲೆ ನಿಂತು ನೋಡಿದರೆ ಇದ್ಯಾವುದೂ ತಿಳಿಯದು. ಎಂಜಿನಿಯರರು ಇಳಿತದ ಹೊತ್ತಿಗೆ ದೋಣಿಯಲ್ಲಿ ಅಡಿಗೆ ಹೋಗಬೇಕು. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದೇ ಅರ್ಥ. ಕಾಂಕ್ರೀಟಿನ ಪುಡಿ ತೆಗೆದು ಕ್ಲೋರೈಡ್ ಎಷ್ಟು ಆಳಕ್ಕೆ ಇಳಿದಿದೆ ಎಂದು ಪರೀಕ್ಷಿಸುವುದು ಹೊಸ ಸೇತುವೆ ಕಟ್ಟುವುದರ ಮುಂದೆ ಏನೇನೂ ಖರ್ಚಲ್ಲ. ಒಳನಾಡಿಗೆ ಬರೆದ ಟೆಂಡರಿನ ಬಣ್ಣ, ಸತುವಿನ ಲೇಪ ಕಡಲಂಚಿಗೆ ಸಾಲುವುದಿಲ್ಲ. ಕರಾವಳಿಗೆ ಬೇರೆಯೇ ಷರತ್ತು ಬರೆಸಿ.

ಈ ಬೇಸಿಗೆಯಲ್ಲೇ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಈ ತಪಾಸಣೆಗೆ ಆದೇಶಿಸಿ. ಪ್ರತಿ ಸೇತುವೆಯ ವರದಿಯನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಿ. ದಿನವೂ ಮಕ್ಕಳನ್ನು ಶಾಲೆಗೆ ಆ ಸೇತುವೆಯ ಮೇಲೆಯೇ ಕಳಿಸುವವರಿಗೆ ಅದನ್ನು ಓದುವ ಹಕ್ಕಿದೆ.

ಇತಿ,
ಕರಾವಳಿಯ ಒಬ್ಬ ನಿವಾಸಿ