ಮಗುವಿಗಿಂತ ಮೊದಲು ಮಹಾಗೋಡೆ

ಚೀನಾದಿಂದ ಮಗುವನ್ನು ದತ್ತು ತರಲು ಹೊರಟ ಅನೇಕ ಅಮೆರಿಕನ್ ಕುಟುಂಬಗಳು ಮೊದಲು ಇಳಿಯುತ್ತಿದ್ದುದು ಬೀಜಿಂಗ್‌ನಲ್ಲಿ. ಮಹಾಗೋಡೆ, ಹಳೆಯ ಅರಮನೆ ನೋಡಿದ ಮೇಲೆ ಮಗುವಿದ್ದ ಪ್ರಾಂತ್ಯಕ್ಕೆ. ಕೊನೆಗೆ ವೀಸಾಕ್ಕಾಗಿ ಗುವಾಂಗ್‌ಝೌಗೆ. ಮಗುವಿನ ತಾಯ್ನಾಡನ್ನು ಅರಿಯಲು ಈ ಪ್ರವಾಸ ಎನ್ನಲಾಗುತ್ತಿತ್ತು.

ನಾವು ಕೇಳುವುದಿಷ್ಟೆ: ಗೋಡೆ ಹತ್ತಿ ಇಳಿದರೆ ತಾಯ್ನಾಡನ್ನು ಅರಿತಂತಾಯಿತೆ? ತಾಯಿಯಿಲ್ಲದ ತಾಯ್ನಾಡು ಎಂಥದ್ದು? ಆ ಮಗುವಿನ ನಾಡೆಂದರೆ ಹೆತ್ತವಳ ಊರು. ಅದು ಪ್ರವಾಸದ ಪಟ್ಟಿಯಲ್ಲಿರಲಿಲ್ಲ. 'ಬಿಟ್ಟುಹೋದ ಮಗು' ಎಂಬ ಒಂದೇ ಸಾಲಿನಿಂದ ಕಡತ ಅವಳನ್ನು ಅಳಿಸಿಹಾಕಿತ್ತು. 1980ರಿಂದ 2015ರವರೆಗೆ ಜಾರಿಯಲ್ಲಿದ್ದ ಒಂದೇ ಮಗುವಿನ ನೀತಿ, ದಂಡದ ಭಯ, ಗಂಡುಮಗುವಿಗಾಗಿ ಮನೆಯವರ ಒತ್ತಡ, ಇವು ಯಾವುವೂ ಆ ಸಾಲಿನಲ್ಲಿಲ್ಲ.

ಬಿಟ್ಟುಹೋದದ್ದು ಎಲ್ಲ ಸಲವೂ ನಿಜವೂ ಅಲ್ಲ. ಅನಾಥಾಲಯಕ್ಕೆ ವಿದೇಶಿಯರು ಪ್ರತಿ ಮಗುವಿಗೆ ಸುಮಾರು 3000 ಡಾಲರ್ 'ದೇಣಿಗೆ' ಕೊಡಬೇಕಿತ್ತು. ಹುನಾನ್ ಪ್ರಾಂತ್ಯದ ಅನಾಥಾಲಯಗಳು ದಲ್ಲಾಳಿಗಳಿಂದ ಶಿಶುಗಳನ್ನು ಕೊಂಡದ್ದು 2005ರಲ್ಲಿ ಬಯಲಾಯಿತು. ದೇಣಿಗೆಗೆ ದರ ನಿಗದಿಯಾದರೆ ಅದನ್ನು ಬೆಲೆ ಎನ್ನದೆ ಇನ್ನೇನೆನ್ನಬೇಕು?

ಸಾಕಿದವರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಪ್ರೀತಿ ಸತ್ಯದ ಬದಲಿಗೆ ಬರುವ ವಸ್ತುವಲ್ಲ. 2024ರಲ್ಲಿ ಚೀನಾ, ಹತ್ತಿರದ ಸಂಬಂಧಿಕರನ್ನು ಬಿಟ್ಟು, ವಿದೇಶಿಯರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಗಡಿ ದಾಟಿದ್ದರು. ಬಾಗಿಲು ಮುಚ್ಚಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಬೆಳೆದು ನಿಂತ ಆ ಮಕ್ಕಳಿಗೆ ಮಹಾಗೋಡೆಯ ಫೋಟೊ ಸಾಕಾಗದು. ಅನಾಥಾಲಯಗಳ ಕಡತಗಳು ಅವರಿಗೆ ತೆರೆಯಲಿ. ಮಗಳನ್ನು ಹುಡುಕುವ ತಾಯಿಗೂ ತೆರೆಯಲಿ.